ಪಕ್ಕದ ಕೋಣೆಗೆ ಬೆಂಗಳೂರಿನ ದಾರಿ

ಸರ್ವರ್ ಕೋಣೆಯ ಬೀಗ ತೆಗೆದ ಮೇಲೆ ನಾನು ಮಾಡುವ ಕೆಲಸಗಳಿಗೆ ಒಂದು ಕ್ರಮವಿದೆ. ಮೊದಲು ಕಿಟಕಿ, ಆಮೇಲೆ ಫ್ಯಾನು, ಆಮೇಲೆ ಬ್ಯಾಟರಿಯ ದೀಪ, ಕೊನೆಗೆ ಪರದೆ. ಮೇಜು ಒರೆಸುವ ಬಟ್ಟೆ ಬಲಗಡೆಯ ಮೊಳೆಗೆ, ನನ್ನ ಚೀಲ ಎಡಗಡೆಯ ಮೊಳೆಗೆ. ಇದನ್ನು ನೋಡಿ ನಗುವವರು ಕಾರ್ಖಾನೆಯಲ್ಲಿ ಬಹಳ ಮಂದಿ. ನಗಲಿ. ಏನಾದರೂ ಕೆಟ್ಟಾಗ ಎಲ್ಲಿ ಕೆಟ್ಟಿತು ಎಂದು ಹುಡುಕಬೇಕಾದರೆ, ಸರಿಯಿದ್ದಾಗ ಯಾವುದು ಎಲ್ಲಿತ್ತು ಎಂಬುದು ಗೊತ್ತಿರಬೇಕು.

ಕಾರ್ಖಾನೆ ಇರುವುದು ಹೊನ್ನವಳ್ಳಿ ರಸ್ತೆಯಲ್ಲಿ. ಉಂಡೆ ಕೊಬ್ಬರಿ ಕೊಂಡು, ಗಾತ್ರ ಬಣ್ಣ ನೋಡಿ ವಿಂಗಡಿಸಿ, ಚೀಲಕ್ಕೆ ತುಂಬಿ ಉತ್ತರದ ಊರುಗಳಿಗೆ ಕಳಿಸುವುದು ಅಲ್ಲಿನ ವ್ಯವಹಾರ. ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುವ ಆಪರೇಟರಾಗಿ ಸೇರಿ, ಕಾಲ ಬದಲಾದಂತೆ ಒಂದೊಂದೇ ತರಬೇತಿ ಮುಗಿಸಿ, ಇಂಟರ್‌ನೆಟ್ ಲೈನುಗಳ ದೂರು ಬಗೆಹರಿಸುವ ಅಧಿಕಾರಿಯಾಗಿ ನಿವೃತ್ತಳಾದವಳು ನಾನು. ಆಮೇಲೆ ಮನೆಯಲ್ಲಿ ಕೂರಲು ಪ್ರಾಮಾಣಿಕವಾಗಿ ಪ್ರಯತ್ನಪಟ್ಟೆ. ನಮ್ಮ ಯಜಮಾನರೇ ಕೈಮುಗಿದರು. "ಎಲ್ಲಾದ್ರೂ ಕೆಲ್ಸುಕ್ಕೆ ಹೋಗ್ಬುಡೇ ತಾಯಿ. ಸಾಸಿವೆ ಡಬ್ಬಿಗೂ ನಂಬರ್ ಹಾಕಿಟ್ಟಿದ್ದೀಯಲ್ಲ!"

ಹೀಗೆ ಕೆಲಸಕ್ಕೆ ಸೇರಿದ ಮೇಲೆ ನಡೆದ ಒಂದು ವಾರದ ಕಥೆ ಇದು.

ಮುಖ್ಯ ಕಚೇರಿ ಇರುವುದು ಬೆಂಗಳೂರಿನಲ್ಲಿ. ಅಲ್ಲಿಂದ ಪ್ರಯೋಗಕ್ಕೆಂದು ಒಂದು ಕ್ಯಾಮೆರಾ ಮೇಜು ಬಂದಿತ್ತು. ಪಟ್ಟಿಯ ಮೇಲೆ ಕೊಬ್ಬರಿ ಸಾಗುತ್ತದೆ, ಮೇಲಿನ ಕ್ಯಾಮೆರಾ ಫೋಟೊ ತೆಗೆಯುತ್ತದೆ, ಸರ್ವರಿನಲ್ಲಿರುವ ಸಾಫ್ಟ್‌ವೇರ್ ಅದನ್ನು ನೋಡಿ ಇದು ಒಂದನೇ ದರ್ಜೆ, ಇದು ಎರಡನೆಯದು, ಇದು ಕೆಟ್ಟು ವಾಸನೆ ಹೊಡೆಯುವ ಕೌಟು ಎಂದು ತೀರ್ಮಾನಿಸಿ ಬೇರೆ ಬೇರೆ ಬುಟ್ಟಿಗೆ ತಳ್ಳಿಸುತ್ತದೆ. ಬಂದ ಹೊಸದರಲ್ಲಿ ಅದಕ್ಕೆ ನಮ್ಮ ಕೊಬ್ಬರಿಯ ಗುಣವೇ ಗೊತ್ತಿರಲಿಲ್ಲ. ಬೇರೆ ಸೀಮೆಯ ಬಿಳಿ ಕೊಬ್ಬರಿ ನೋಡಿ ಕಲಿತದ್ದು. ನಮ್ಮ ಕಂದು ಸಿಪ್ಪೆಯ ಒಳ್ಳೆಯ ಮಾಲನ್ನೆಲ್ಲ ಕೌಟಿನ ಬುಟ್ಟಿಗೆ ಹಾಕುತ್ತಿತ್ತು.

ಅದಕ್ಕೆ ಪಾಠ ಹೇಳಿದವಳು ವಿಂಗಡಣೆ ಕೋಣೆಯ ಮೇಲ್ವಿಚಾರಕಿ. ಶೆಟ್ಟಿಕೆರೆ ಕಡೆಯವಳು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ಬೇರೆಯವರ ಮುಂದೆ ನನ್ನನ್ನು ಮೇಡಂ ಅನ್ನುತ್ತಾಳೆ, ಇಬ್ಬರೇ ಇದ್ದಾಗ ಅಕ್ಕ ಅನ್ನುತ್ತಾಳೆ, ಸಿಟ್ಟು ಬಂದರೆ ಎರಡೂ ಇಲ್ಲ. ಒಂದಿಡೀ ಬೇಸಿಗೆ ಅವಳು ಕ್ಯಾಮೆರಾದ ಕೆಳಗೆ ಒಂದೊಂದೇ ಕೊಬ್ಬರಿ ಇಟ್ಟು, ಅದರ ದರ್ಜೆ ಹೇಳಿ, ಫೋಟೊ ತೆಗೆಸಿದ್ದಳು. ಆ ಫೋಟೊಗಳಿಂದ ಮುಖ್ಯ ಕಚೇರಿಯವರು ಹೊಸ ಸಾಫ್ಟ್‌ವೇರ್ ಕಟ್ಟಿದರು. ಅದನ್ನು ಇಳಿಸಿಕೊಂಡು ಮೇಜು ನಡೆಸುವುದಷ್ಟೇ ಬಾಕಿ.

ಅಷ್ಟರಲ್ಲಿ ಒಂದು ಸೋಮವಾರ ಮ್ಯಾನೇಜರು ಬಂದು ಹೇಳಿದರು. ಶುಕ್ರವಾರ ಮುಖ್ಯ ಕಚೇರಿಯ ಸಾಹೇಬರು ಬರುತ್ತಾರೆ. ಅಷ್ಟರೊಳಗೆ ಮೇಜು ಇಲ್ಲಿ ನಡೆಯದಿದ್ದರೆ ಅವತ್ತೇ ಲಾರಿಗೆ ಹಾಕಿಸಿ ಕಂಪನಿಯ ಇನ್ನೊಂದು ಘಟಕಕ್ಕೆ ಕಳಿಸುತ್ತಾರೆ.

ಮೇಲ್ವಿಚಾರಕಿಯ ಮುಖ ಕೆಂಪಗಾಯಿತು. ಮ್ಯಾನೇಜರು ಆಚೆ ಹೋಗುವವರೆಗೆ ತಡೆದುಕೊಂಡಳು.

"ಅಕ್ಕ, ಬೇಸ್ಗೆಯೆಲ್ಲ ನನ್ ಕಣ್ಣು ತೆಗೆದು ಅದುಕ್ಕೆ ಇಟ್ಟಿವ್ನಿ. ಈಗ ಅದು ಬ್ಯಾರೆಯೋರ ಮನೆಗೋಗಿ ಸಂಸಾರ ಮಾಡ್ತದಾ? ನಮ್ ಹೆಂಗಸ್ರು ಕತ್ತು ಬಗ್ಗಿಸ್ಕಂಡು ಇನ್ನೂ ಎಷ್ಟು ವರ್ಷ ನೆಲದ ಮೇಲೆ ಕೂತು ಆರಿಸ್ಬೇಕು?"

"ಇಳಿಸ್ಕೊಳ್ಳೋದು ಒಂದು ಗಂಟೆ ಕೆಲಸ ಕಣೇ. ಸುಮ್ನೆ ಇರು," ಎಂದೆ. ಆ ಮಾತನ್ನು ಅವಳು ವಾರವೆಲ್ಲ ನನಗೆ ನೆನಪಿಸಿದಳು.

ಹೊಸ ಸಾಫ್ಟ್‌ವೇರ್ ಬರುವುದು ಕಂಟೈನರಿನಲ್ಲಿ. ಒಂದು ಪ್ರೋಗ್ರಾಮು ನಡೆಯಲು ಏನೇನು ಸಲಕರಣೆ ಬೇಕೋ ಎಲ್ಲವನ್ನೂ ಜೊತೆಗೇ ಸೇರಿಸಿ ಕಟ್ಟಿದ ಮೂಟೆ ಎಂದುಕೊಳ್ಳಿ. ಮೂಟೆಗಳ ಉಗ್ರಾಣ ಇಂಟರ್‌ನೆಟ್ಟಿನಲ್ಲಿ ಎಲ್ಲೋ ಇರುತ್ತದೆ. ಅಲ್ಲಿಂದ ತರಿಸಿ, ಬಿಚ್ಚಿ, ನಡೆಸುವುದಕ್ಕೆ ನಮ್ಮ ಸರ್ವರಿನಲ್ಲಿ ಒಂದು ಎಂಜಿನ್ನು ಸದಾ ಹಿನ್ನೆಲೆಯಲ್ಲಿ ಓಡುತ್ತಿರುತ್ತದೆ. ಆದರೆ ಕಂಪನಿಯ ಯಾವ ಕಂಪ್ಯೂಟರೂ ಹೊರಜಗತ್ತಿನ ಜೊತೆ ನೇರ ಮಾತಾಡುವಂತಿಲ್ಲ. ಎಲ್ಲ ಮಾತೂ ಬೆಂಗಳೂರಿನಲ್ಲಿರುವ ಪ್ರಾಕ್ಸಿ ಎಂಬ ಒಂದೇ ಬಾಗಿಲನ್ನು ದಾಟಿ ಹೋಗಬೇಕು. ಕಾವಲಿಗೆ ಒಳ್ಳೆಯ ಏರ್ಪಾಡು. ನಾನು ಒಪ್ಪುತ್ತೇನೆ.

ಮೂಟೆ ತರಿಸುವ ಆಜ್ಞೆ ಕೊಟ್ಟೆ. ಪರದೆ ಸ್ವಲ್ಪ ಹೊತ್ತು ಯೋಚಿಸಿತು. ಉತ್ತರ ಬರಲಿಲ್ಲ, ಹೊತ್ತು ಮೀರಿತು ಎಂದು ಕೈಚೆಲ್ಲಿತು.

ಎಕ್ಸ್‌ಚೇಂಜಿನಲ್ಲಿ ನಮಗೆ ಕಲಿಸಿದ ಪದ್ಧತಿ ಎಂದರೆ ದೋಷವನ್ನು ಹತ್ತಿರದಿಂದ ದೂರಕ್ಕೆ ಹುಡುಕುವುದು. ಹಾಗೇ ಮಾಡಿದೆ. ಅದೇ ಸರ್ವರಿನಲ್ಲಿ ಬ್ರೌಸರ್ ತೆರೆದರೆ ಲೋಕವೆಲ್ಲ ಕಾಣುತ್ತಿತ್ತು. ನನ್ನ ಲಾಗಿನ್ನಿನಲ್ಲಿ ಪ್ರಾಕ್ಸಿಯ ವಿಳಾಸ ಬರೆದು ಅದೇ ಉಗ್ರಾಣವನ್ನು ಕೈಯಿಂದ ಕೂಗಿದರೆ ಅದು ಓಗೊಟ್ಟಿತು. ಎಂಜಿನ್ನು ಕೂಗಿದರೆ ಮಾತ್ರ ಮೌನ. ಅಂದರೆ ತಂತಿ ಸರಿ, ಬಾಗಿಲು ಸರಿ, ಉಗ್ರಾಣವೂ ಸರಿ. ಬಾಗಿಲು ಎಲ್ಲಿದೆ ಎಂಬುದು ನನಗೆ ಗೊತ್ತು, ಎಂಜಿನ್ನಿಗೆ ಗೊತ್ತಿಲ್ಲ. ನನಗೆ ಹೇಳಿದ್ದು ಅದಕ್ಕೆ ಕೇಳಿಸುವುದಿಲ್ಲ, ಏಕೆಂದರೆ ಅದು ನನ್ನ ಲಾಗಿನ್ನಿನೊಳಗೆ ಇಲ್ಲ. ಅದರದು ಪ್ರತ್ಯೇಕ ಸಂಸಾರ. ಅದರ ಕಿವಿಗೇ ಹೇಳಬೇಕು.

ಎಂಜಿನ್ನಿನ ಸೆಟ್ಟಿಂಗಿನಲ್ಲಿ ಪ್ರಾಕ್ಸಿಯ ವಿಳಾಸ ಬರೆದೆ. ಎಂಜಿನ್ನನ್ನು ಒಮ್ಮೆ ನಿಲ್ಲಿಸಿ ಮತ್ತೆ ಹೊರಡಿಸಿದರೆ ಮಾತ್ರ ಅದು ಹೊಸ ಮಾತನ್ನು ಓದುತ್ತದೆ. ನಿಲ್ಲಿಸುವಂತಿರಲಿಲ್ಲ. ಅಂಗಳದ ತೂಕದ ಪ್ರೋಗ್ರಾಮೂ ಅದೇ ಎಂಜಿನ್ನಿನ ಮೇಲೆ ನಡೆಯುತ್ತಿತ್ತು, ಹುಳಿಯಾರು ಕಡೆಯಿಂದ ಬಂದ ಟೆಂಪೊಗಳು ಸಾಲುಗಟ್ಟಿ ನಿಂತಿದ್ದವು. ಊಟದ ಹೊತ್ತಿಗೆ ಮುಹೂರ್ತವಿಟ್ಟೆವು. ಮೇಲ್ವಿಚಾರಕಿ ಅಂಗಳಕ್ಕೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಯಾರೂ ತೂಕ ಹಾಕ್ಬ್ಯಾಡ್ರಪ್ಪ! ಒಳಗೆ ಎಂಜಿನ್ ನಿಲ್ಲುಸ್ತಾವ್ರೆ!"

"ಯಾವ್ ಎಂಜಿನ್ನಮ್ಮ? ಪಂಪ್‌ಸೆಟ್ಟಾ?" ಎಂದ ಒಬ್ಬ ಟೆಂಪೊ ಚಾಲಕ.

"ನಿನ್ ಟೆಂಪೊಕ್ಕಿಂತ ಜೋರಾಗಿ ಓಡೋದು ಕಣಪ್ಪ. ಮುಚ್ಕಂಡು ಬೀಡಿ ಸೇದು."

ನಿಲ್ಲಿಸಿದೆ, ಹೊರಡಿಸಿದೆ. ತೂಕದ ಪ್ರೋಗ್ರಾಮು ಎದ್ದು ಕೂತಿತು. ಮತ್ತೆ ಮೂಟೆಯನ್ನು ಕರೆದೆ. ಈ ಸಲ ಮೌನವಿಲ್ಲ, ಜಗಳ. ಉಗ್ರಾಣದ ಪ್ರಮಾಣಪತ್ರವನ್ನು ನಾನು ನಂಬುವುದಿಲ್ಲ ಎಂದು ಎಂಜಿನ್ನು ಹೇಳಿತು. ನನಗೆ ನಗು ಬಂತು. ಜಗಳ ಬಂತೆಂದರೆ ಲೈನು ಸಿಕ್ಕಿತೆಂದೇ ಅರ್ಥ.

"ಯಾಕಂತೆ ನಂಬಲ್ಲ?" ಎಂದಳು ಮೇಲ್ವಿಚಾರಕಿ.

"ನೀನು ಮೂಟೆ ಹೊಲಿಸಿ ಕಳಿಸ್ತೀಯ. ದಾರೀಲಿ ಚೆಕ್‌ಪೋಸ್ಟ್‌ನೋರು ಬಿಚ್ಚಿ ನೋಡಿ, ತಮ್ಮ ದಾರದಲ್ಲಿ ಮತ್ತೆ ಹೊಲಿದು ಬಿಡ್ತಾರೆ. ಕೊಳ್ಳೋನು ಏನಂತಾನೆ?"

"ಹೊಲಿಗೆ ನಿಮ್ದಲ್ಲ, ಮಾಲ್ ಬ್ಯಾಡ ಅಂತಾನೆ."

"ಅಷ್ಟೇ. ಪ್ರಾಕ್ಸಿ ಒಳಗೆ ಬರೋದನ್ನೆಲ್ಲ ಬಿಚ್ಚಿ ನೋಡಿ ಕಂಪನಿ ದಾರದಲ್ಲಿ ಹೊಲೀತದೆ. ಆ ದಾರ ಯಾವುದು ಅಂತ ಎಂಜಿನ್ನಿಗೆ ತೋರಿಸ್ಬೇಕು."

ದಾರದ ಗುರುತು, ಅಂದರೆ ಕಂಪನಿಯ ಮೂಲ ಪ್ರಮಾಣಪತ್ರ, ಮುಖ್ಯ ಕಚೇರಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವರ ಹತ್ತಿರ ಇತ್ತು. ಅವರಿಗೆ ಫೋನು ಮಾಡಿದೆ. ಬಹಳ ವಿನಯದ ಮನುಷ್ಯ. ವಿನಯದಿಂದಲೇ ಒಂದಿಂಚೂ ಅಲ್ಲಾಡುವುದಿಲ್ಲ.

"ಟಿಕೆಟ್ ರೈಸ್ ಮಾಡಿದೀರಾ ಮೇಡಂ?"

"ಮಾಡಿದ್ದೀನಿ, ದೂರಿನ ನಂಬರೂ ಬಂದಿದೆ."

"ಪ್ರಯಾರಿಟಿ ಏನು ಹಾಕಿದೀರ?"

ಮೇಲ್ವಿಚಾರಕಿ ನನ್ನ ಭುಜದ ಮೇಲಿಂದ ಬಗ್ಗಿ ಫೋನಿಗೇ ಹೇಳಿದಳು. "ಮಗಳ ಮದ್ವೆ ಮುರೀತಾ ಐತೆ ಅಂತ ಬರ್ಕಳಿ ಸಾ!"

ಆ ಕಡೆ ನಗು ಕೇಳಿಸಿತು. ಪ್ರಮಾಣಪತ್ರ ಮರುದಿನ ಬೆಳಗ್ಗೆಯೇ ಬಂತು. ಅದನ್ನು ಅದರ ಜಾಗದಲ್ಲಿ ಇಟ್ಟು, ಊಟದ ಹೊತ್ತಿಗೆ ಮತ್ತೊಮ್ಮೆ ಎಂಜಿನ್ನನ್ನು ನಿಲ್ಲಿಸಿ ಹೊರಡಿಸಿ, ಆಜ್ಞೆ ಕೊಟ್ಟೆ. ಪರದೆಯ ಮೇಲೆ ಗೆರೆಗಳು ಒಂದರ ಕೆಳಗೊಂದು ಬೆಳೆಯತೊಡಗಿದವು. ಮೂಟೆ ಇಳಿಯುತ್ತಿತ್ತು. ವಿಂಗಡಣೆಯ ಹೆಂಗಸರೆಲ್ಲ ಕಿಟಕಿಯ ಆಚೆ ನಿಂತು, ಯಾವ ಗೆರೆ ಮೊದಲು ತುದಿ ಮುಟ್ಟುತ್ತದೆ ಎಂದು ಪಂಥ ಕಟ್ಟಿದರು. ಕೊನೆಯ ಗೆರೆ ಮುಟ್ಟಿದಾಗ ಎದ್ದ ಕೂಗಿಗೆ ಮ್ಯಾನೇಜರು ಹಾವು ಬಂತೆಂದು ಕೋಲು ಹಿಡಿದು ಓಡಿಬಂದರು. ಮೇಲ್ವಿಚಾರಕಿ ಎಲ್ಲರಿಗೂ ಕೊಬ್ಬರಿ ಚೂರು, ಬೆಲ್ಲ ಹಂಚಿದಳು. ನಾನು ಊಟದ ಮಧ್ಯೆ ಸಿಹಿ ತಿನ್ನುವವಳಲ್ಲ. ಅವತ್ತು ತಿಂದೆ.

ಕಂಟೈನರನ್ನು ನಡೆಸಿದೆ. ಅದು ಎದ್ದಿತು. ಕ್ಯಾಮೆರಾಕ್ಕಾಗಿ ಕಾಯುತ್ತಿದ್ದೇನೆ ಎಂಬರ್ಥದ ಒಂದು ಸಾಲು ಬಂತು. ಸಾಲಿನ ಕೊನೆಯಲ್ಲಿ ಚುಕ್ಕಿಗಳು ಒಂದೊಂದಾಗಿ ಮೂಡಿ ಅಳಿಸಿ ಮತ್ತೆ ಮೂಡುತ್ತಿದ್ದವು.

ಇಲ್ಲಿ ನಾವಿಬ್ಬರೂ ಮಾಡಿದ್ದನ್ನು ಬೇರೆ ಯಾವ ಊರಿನವರೂ ಮಾಡಲಾರರು. ನಾವು ಕಾದೆವು.

ನಮ್ಮ ಕಡೆ ಉಂಡೆ ಕೊಬ್ಬರಿಯ ರೀತಿ ಹಾಗೆ. ಕಾಯನ್ನು ಮೇಲಿನ ನಾರಿನ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳಲು ಹತ್ತಿರ ಹತ್ತಿರ ವರ್ಷ ಬೇಕು. ಅಲ್ಲಿಯವರೆಗೆ ಅದನ್ನು ಕೆದಕುವವನನ್ನು ಅವಸರಗೇಡಿ ಎನ್ನುತ್ತಾರೆ. ಮೇಲ್ವಿಚಾರಕಿ ಹುಟ್ಟಿ ಬೆಳೆದದ್ದು ಅಂಥ ಅಟ್ಟದ ಕೆಳಗೆ. ನನ್ನ ಕಥೆ ಇನ್ನೂ ಚೆನ್ನ. ಟ್ರಂಕ್ ಕಾಲ್ ಬುಕ್ ಮಾಡಿದವರು ಎಕ್ಸ್‌ಚೇಂಜಿನ ಬೆಂಚಿನ ಮೇಲೆ ಅರ್ಧ ದಿನ ಕೂರುತ್ತಿದ್ದ ಕಾಲದವಳು ನಾನು. ಲೈನು ಬರುತ್ತದೆ, ಕಾಯಿರಿ ಎಂದು ಹೇಳುತ್ತಲೇ ನನ್ನ ಹರೆಯ ಕಳೆದಿದೆ. ಕಾಯುತ್ತಿದ್ದೇನೆ ಎಂದು ಯಾರಾದರೂ ಹೇಳಿದರೆ ಅದರಲ್ಲಿ ತಪ್ಪೇನಿದೆ ಎಂದು ನಮ್ಮಿಬ್ಬರಿಗೂ ತೋಚಲೇ ಇಲ್ಲ.

"ಮುಟ್ಬ್ಯಾಡಿ ಅಕ್ಕ. ಇಳಿದಿರೋದು ಈಗಿನ್ನ. ಸುಧಾರುಸ್ಕಳ್ಳಿ," ಎಂದಳು ಅವಳು.

"ಹೊಸ ಲೈನು. ಸ್ವಲ್ಪ ಹೊತ್ತು ಹಿಡೀತದೆ," ಎಂದೆ ನಾನು.

ಮಧ್ಯಾಹ್ನ ಕಳೆಯಿತು. ಸಂಜೆ ನಾನು ಕ್ರಮಪ್ರಕಾರ ಪರದೆ ಆರಿಸಿ, ಸರ್ವರನ್ನು ಅದರ ಪಾಡಿಗೆ ಬಿಟ್ಟು ಮನೆಗೆ ಹೋದೆ. ಬುಧವಾರ ಬೆಳಗ್ಗೆ ಕಿಟಕಿ, ಫ್ಯಾನು, ದೀಪ, ಪರದೆ. ಚುಕ್ಕಿಗಳು ಮೂಡುತ್ತಿದ್ದವು. ಮೇಲ್ವಿಚಾರಕಿ ಬಸ್ಸಿಳಿದು ನೇರ ಬಂದು ಇಣುಕಿದಳು, ತೃಪ್ತಿಯಿಂದ ತಲೆಯಾಡಿಸಿ ಹೋದಳು. ಬಾಣಂತಿಯ ಕೋಣೆಗೆ ಬಂದು ಹೋಗುವವರ ಹಾಗೆ ಹೆಂಗಸರು ಮೆಲ್ಲಗೆ ಹೆಜ್ಜೆ ಹಾಕಿದರು. ಬುಧವಾರವೂ ಮುಗಿಯಿತು.

ಗುರುವಾರ ಬೆಳಗ್ಗೆ ನೆಟ್‌ವರ್ಕಿನವರೇ ಫೋನು ಮಾಡಿದರು. ಟಿಕೆಟ್ ಮುಚ್ಚಬಹುದೇ ಎಂದು ಕೇಳಲು. ಮೇಲ್ವಿಚಾರಕಿ ಆಗಷ್ಟೇ ಇಣುಕಲು ಬಂದು ಬಾಗಿಲಲ್ಲಿ ನಿಂತಿದ್ದಳು, ಅವಳಿಗೂ ಕೇಳಲೆಂದು ಫೋನನ್ನು ಸ್ಪೀಕರಿಗೆ ಹಾಕಿದೆ.

"ಎಲ್ಲ ಆಯ್ತಾ ಮೇಡಂ?"

"ಆಯ್ತು. ಕ್ಯಾಮೆರಾಗೆ ಕಾಯ್ತಾ ಇದೆ."

"ಎಷ್ಟು ಹೊತ್ತಿಂದ?"

"ಮೊನ್ನೆ ಮಧ್ಯಾಹ್ನದಿಂದ."

ಆ ಕಡೆ ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿಸಿತು.

"ಮೇಡಂ," ಎಂದರು ಅವರು, ಇನ್ನೂ ವಿನಯ ಬಿಡದೆ, "ಅದು ಅರ್ಧ ನಿಮಿಷದಲ್ಲಿ ಆಗೋ ಕೆಲಸ."

ನಾನು ಮೇಲ್ವಿಚಾರಕಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಇಬ್ಬರಿಗೂ ಒಟ್ಟಿಗೇ ನಗು ಬಂತು. ತಡೆಯಲಾಗದೆ ಅವಳು ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು.

"ಎರಡು ದಿನದಿಂದ ಅದ್ರ ಮುಂದೆ ಉಸಿರು ಬಿಗಿಹಿಡ್ಕಂಡು ಓಡಾಡಿದ್ವಲ್ಲಕ್ಕ! ಅಟ್ಟದ ಕಾಯಾದ್ರೂ ನಾವು ಒಂದೊಂದ್ಸಲ ಕಿವಿ ಹತ್ರ ಇಟ್ಟು ಅಲ್ಲಾಡುಸ್ತೀವಿ ಕಣಕ್ಕ, ಒಳಗೆ ಸದ್ದು ಬತ್ತದಾ ಅಂತ. ಇದುನ್ನ ಅದೂ ಮಾಡ್ನಿಲ್ಲ."

ಆದರೆ ನಗುವಿಗೂ ಹೊತ್ತಿರಲಿಲ್ಲ. ನಾಳೆಯೇ ಶುಕ್ರವಾರ. ಅವಳ ನಗು ಇದ್ದಕ್ಕಿದ್ದಂತೆ ನಿಂತದ್ದು ಅದು ನೆನಪಾಗಿಯೇ ಎಂದು ನನಗೆ ಗೊತ್ತಾಯಿತು. ಸೆರಗು ಸಿಕ್ಕಿಸಿಕೊಂಡು ಸ್ಟೂಲಿನ ಮೇಲೆ ಕೂತಳು. "ಎಷ್ಟೊತ್ತಾದ್ರೂ ಸರಿ, ನಾನು ಇಲ್ಲಿಂದ ಏಳಲ್ಲ," ಎಂದಳು.

ಕಂಟೈನರು ಒಳಗೊಳಗೇ ಏನು ಹೇಳಿಕೊಳ್ಳುತ್ತಿದೆ ಎಂದು ತೆರೆದು ಓದಿದೆ. ಕ್ಯಾಮೆರಾ ಸಿಗಲಿಲ್ಲ, ಕ್ಯಾಮೆರಾ ಸಿಗಲಿಲ್ಲ ಎಂದು ಎರಡು ದಿನದಿಂದ ಒಂದೇ ಸಮನೆ ಗೋಳಾಡಿತ್ತು. ಸರ್ವರಿನಿಂದ ನಾನೇ ಕ್ಯಾಮೆರಾವನ್ನು ಕರೆದೆ. ತಕ್ಷಣ ಉತ್ತರ ಬಂತು. ಹಾಗಾದರೆ ಕ್ಯಾಮೆರಾ ಸರಿಯಿದೆ, ತಂತಿಯೂ ಸರಿಯಿದೆ. ಕಂಟೈನರು ಯಾವ ದಾರಿಯಲ್ಲಿ ಹುಡುಕುತ್ತಿದೆ? ಇನ್ನೂ ಫೋನಿನಲ್ಲೇ ಇದ್ದವರನ್ನು ಕೇಳಿದೆ. "ನಮ್ಮ ಸರ್ವರಿನಿಂದ ನಿಮ್ಮ ಪ್ರಾಕ್ಸಿಗೆ ಏನಾದರೂ ಬರ್ತಾ ಇದೆಯಾ ನೋಡಿ."

ಅವರು ನೋಡಿದರು. "ಅಯ್ಯೋ, ಬಿಡದೆ ಬಂದು ಬಾಗಿಲು ತಟ್ಟುತ್ತಾ ಇದೆ ಮೇಡಂ. ಯಾವುದೋ ಕ್ಯಾಮೆರಾ ಕೊಡಿ ಅಂತ ಕೇಳ್ತಿದೆ. ಅಂಥ ಕ್ಯಾಮೆರಾ ಇಲ್ಲಿ ಯಾವುದೂ ಇಲ್ಲ ಅಂತ ಪ್ರಾಕ್ಸಿ ವಾಪಸ್ ಕಳಿಸ್ತಿದೆ. ಎಲ್ಲಿದೆ ಆ ಕ್ಯಾಮೆರಾ?"

"ಪಕ್ಕದ ಕೋಣೇಲಿ."

"ಯಾವುದರ ಪಕ್ಕ?"

"ಸರ್ವರ್ ಕೋಣೆ ಪಕ್ಕ. ಗೋಡೆ ಆಚೆ."

ಮೇಲ್ವಿಚಾರಕಿ ಹಣೆ ಚಚ್ಚಿಕೊಂಡಳು. "ಪಕ್ಕದ್ಮನೇಲಿ ಉಪ್ಪು ಕೇಳಕ್ಕೆ ಬೆಂಗ್ಳೂರ್ಗ್ ಹೋಗ್ಬತ್ತಾ ಐತಾ ಇದು!"

ಆಗಿದ್ದು ಅದೇ. ಎಂಜಿನ್ನಿಗೆ ಪ್ರಾಕ್ಸಿಯ ವಿಳಾಸ ಕೊಟ್ಟ ಮೇಲೆ, ಒಂದು ಕಡೆ ಹಾಕಿ ಇನ್ನೊಂದು ಕಡೆ ಬಿಡುವುದು ನನ್ನ ಜಾಯಮಾನಕ್ಕೆ ಒಗ್ಗದೆ, ಕಂಟೈನರಿಗೂ ಅದನ್ನೇ ಅಚ್ಚುಕಟ್ಟಾಗಿ ಬರೆದಿದ್ದೆ. ಅದು ಶಿಸ್ತಿನ ಕಂಟೈನರು. ಎಲ್ಲ ಮಾತನ್ನೂ ಬಾಗಿಲು ದಾಟಿಸಿಯೇ ಆಡು ಎಂದರೆ ಗೋಡೆಯಾಚೆಯ ಮಾತನ್ನೂ ಬಾಗಿಲು ದಾಟಿಸಿತು. ಯಾರನ್ನು ದೂರುವುದು? ಬರೆದವಳಂತೆಯೇ ಇತ್ತು ಅದು.

ಇದಕ್ಕೆ ಮದ್ದೂ ಇದೆ. ಇಂತಿಂಥ ವಿಳಾಸಗಳಿಗೆ ಪ್ರಾಕ್ಸಿ ಬೇಡ, ನೇರ ಹೋಗು ಎಂಬ ವಿನಾಯಿತಿಯ ಸಾಲು. ವಿನಾಯಿತಿ ಕೊಡುವುದು ನನಗೆ ಹುಟ್ಟಾ ಆಗದ ಕೆಲಸ. ಆದರೂ ಬರೆದೆ. ಸರ್ವರ್ ತನಗೆ ತಾನೇ ಮಾತಾಡಿಕೊಳ್ಳುವ ವಿಳಾಸ, ಕ್ಯಾಮೆರಾದ ವಿಳಾಸ, ತೂಕದ ಯಂತ್ರದ ವಿಳಾಸ. ಬರೆದು, ಓಡುತ್ತಿದ್ದ ಕಂಟೈನರನ್ನು ತೆಗೆದುಹಾಕಿ, ಅದೇ ಮೂಟೆಯಿಂದ ಹೊಸದನ್ನು ಎಬ್ಬಿಸಿದೆ. ಹಳೆಯದನ್ನೇ ನಿಲ್ಲಿಸಿ ಹೊರಡಿಸಿದರೆ ಅದು ಹಳೆಯ ಬುದ್ಧಿಯಲ್ಲೇ ಏಳುತ್ತದೆ.

ಕಾಯುತ್ತಿದ್ದೇನೆ ಎಂಬ ಸಾಲು ಬಂತು. ಒಂದು ಚುಕ್ಕಿ ಮೂಡಿತು. ಎರಡನೆಯದು ಮೂಡುವ ಮೊದಲೇ ಸಾಲು ಅಳಿಸಿಹೋಗಿ, ಪರದೆಯ ತುಂಬ ಗೋಡೆಯಾಚೆಯ ಖಾಲಿ ಪಟ್ಟಿಯ ಚಿತ್ರ ತೆರೆದುಕೊಂಡಿತು.

ಮೇಲ್ವಿಚಾರಕಿ ಸ್ಟೂಲಿನಿಂದ ಎದ್ದದ್ದು ನನಗೆ ಕಾಣಲಿಲ್ಲ. ಮರುಗಳಿಗೆಯೇ ಪರದೆಯೊಳಗೆ ಅವಳ ಕೈ ಕಾಣಿಸಿತು, ಬಳೆ ಸಮೇತ, ಪಟ್ಟಿಯ ಮೇಲೆ ಒಂದು ಉಂಡೆ ಕೊಬ್ಬರಿ ಇಡುತ್ತಾ. ಕ್ಯಾಮೆರಾ ಮಿನುಗಿತು. ಕೊಬ್ಬರಿ ಒಂದನೇ ದರ್ಜೆಯ ಬುಟ್ಟಿಗೆ ಬಿತ್ತು. ಗೋಡೆಯಾಚೆ ಹೆಂಗಸರ ಕೇಕೆ.

ನಾನೂ ಎದ್ದು ಆ ಕೋಣೆಗೆ ಹೋದೆ. ಅವಳು ಅಷ್ಟಕ್ಕೆ ಬಿಡುವವಳಲ್ಲ. ಚಿಕ್ಕದು, ದೊಡ್ಡದು, ಬೂಷ್ಟು ಹಿಡಿದದ್ದು, ಒರಟು ಸಿಪ್ಪೆಯದು, ಒಂದೊಂದೇ ಇಟ್ಟು ಪರೀಕ್ಷೆ ಮಾಡಿದಳು. ಎಲ್ಲದರಲ್ಲೂ ಮೇಜು ಪಾಸಾಯಿತು. ಕೊನೆಗೆ ನೋಡಲು ಚೊಕ್ಕವಾಗಿದ್ದ ಒಂದನ್ನು ಇಟ್ಟಳು. ಮೇಜು ಅದನ್ನು ಒಂದನೇ ದರ್ಜೆಗೆ ತಳ್ಳಿತು. ಅವಳು ಅದನ್ನೆತ್ತಿ ಮೂಸಿ, ಮಚ್ಚಿನಿಂದ ಎರಡು ಹೋಳು ಮಾಡಿ ನನಗೆ ತೋರಿಸಿದಳು. ಒಳಗೆ ಕೌಟು.

"ನೋಡಿ, ಮೂಸಕ್ಕೆ ಬರಲ್ಲ ನನ್ಮಗಂದುಕ್ಕೆ," ಎಂದಳು, ಹಿಗ್ಗಿ ಹೀರೇಕಾಯಿಯಾಗಿ. "ನನ್ ಕೆಲ್ಸ ಇನ್ನೂ ಐತೆ."

ಶುಕ್ರವಾರ ಸಾಹೇಬರು ಬಂದರು. ಜೊತೆಗೆ ಖಾಲಿ ಲಾರಿಯೂ ಬಂದಿತ್ತು. ಅದನ್ನು ಕಂಡು ಮೇಲ್ವಿಚಾರಕಿ ಬಿಳಿಚಿಕೊಂಡಳು. ಅಂಗಳದ ರಾಶಿಯಿಂದ ಸಾಹೇಬರೇ ಕೈಗೆ ಸಿಕ್ಕಿದ ಹಾಗೆ ಒಂದು ಬುಟ್ಟಿ ಕೊಬ್ಬರಿ ತುಂಬಿಸಿಕೊಂಡು ಬಂದು ಪಟ್ಟಿಯ ಮೇಲೆ ಸುರಿದರು. ಮೇಜು ಒಂದೊಂದನ್ನೇ ನೋಡಿ ಬುಟ್ಟಿಗಳಿಗೆ ಹಂಚಿತು. ಒಂದನೇ ದರ್ಜೆಯ ಬುಟ್ಟಿಯನ್ನು ಅವರು ಮೇಲ್ವಿಚಾರಕಿಯ ಮುಂದಿಟ್ಟು, "ಇದರಲ್ಲಿ ತಪ್ಪಿದ್ದರೆ ತೆಗೀರಿ ಅಮ್ಮ" ಎಂದರು. ಅವಳು ಬುಟ್ಟಿಯನ್ನೆಲ್ಲ ಕೈಯಾಡಿಸಿ, ಮೂಸಿ, ಒಂದನ್ನು ಮಾತ್ರ ಪಕ್ಕಕ್ಕಿಟ್ಟಳು. ಸಾಹೇಬರು ಅದನ್ನು ಒಡೆಸಿ ನೋಡಿದರು, ಒಳಗೆ ಕೌಟು. ಆಮೇಲೆ ಯಂತ್ರವನ್ನು ನೋಡಿದರು, ಅವಳನ್ನು ನೋಡಿದರು.

"ಇಬ್ಬರೂ ಒಟ್ಟಿಗೇ ಇರಬೇಕು ಅನ್ಸುತ್ತೆ. ಮೇಜು ಇಲ್ಲೇ ಇರ್ಲಿ," ಎಂದರು.

ಹೆಂಗಸರು ಚಪ್ಪಾಳೆ ತಟ್ಟಿದರು. ಮ್ಯಾನೇಜರು ಕಾಫಿಗೆ ಹೇಳಿ ಕಳಿಸಿದರು. ಮೇಲ್ವಿಚಾರಕಿ ಮಾತ್ರ ಚಪ್ಪಾಳೆಯನ್ನೂ ತಟ್ಟಲಿಲ್ಲ, ಕಾಫಿಗೂ ನಿಲ್ಲಲಿಲ್ಲ. ಹೊರಗೆ ಹೋದವಳು ಕಾರ್ಖಾನೆಯ ಮೆಕ್ಯಾನಿಕ್ಕನ್ನು ಡ್ರಿಲ್ಲಿಂಗ್ ಮಿಷನ್ ಸಮೇತ ಕರೆದುಕೊಂಡು ಬಂದಳು.

"ಏನಮ್ಮ ಇದು?" ಎಂದರು ಸಾಹೇಬರು.

"ಏನಿಲ್ಲ ಸಾ. ಮೇಜಿನ ಕಾಲ್ಗೆ ಚಕ್ರ ಐತೆ. ಚಕ್ರ ಇದ್ರೆ ಯಾವತ್ತಾದ್ರೂ ಓಡ್ಹೋಯ್ತದೆ. ಬಿಚ್ಚಿ ನೆಲಕ್ಕೆ ಬೋಲ್ಟ್ ಹಾಕುಸ್ಬುಡ್ತೀನಿ, ನೀವು ಇರೋವಾಗ್ಲೇ."

ಸಾಹೇಬರು ಕಾಫಿ ಲೋಟ ಹಿಡಿದುಕೊಂಡೇ ನಕ್ಕು, ಹಾಕಿಸಿ ಎಂದು ಕೈಸನ್ನೆ ಮಾಡಿದರು. ಮೆಕ್ಯಾನಿಕ್ಕು ನೆಲ ಕೊರೆಯಲು ಶುರುಮಾಡಿದ. ಸದ್ದಿಗೆ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ಸಿಮೆಂಟಿನ ಪುಡಿ ಹಾರಿ ಸಾಹೇಬರ ಬೂಟಿನ ಮೇಲೂ ನನ್ನ ಸೀರೆಯ ಮೇಲೂ ಕೂತಿತು. ನಾಲ್ಕು ಕಾಲೂ ಅಳತೆಗೆ ಸರಿಯಾಗಿ ಕೂತವೇ ಎಂದು ನಾನು ಮೊಣಕಾಲೂರಿ ನೋಡಿದೆ. ಕೂತಿದ್ದವು. ಮೇಲ್ವಿಚಾರಕಿ ಮೇಜನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ಊರಿ, ಜೋರಾಗಿ ಎಳೆದು ನೋಡಿದಳು. ಅದು ಕದಲಲಿಲ್ಲ.